ನಿರಂಜನರ ಬಾಳಿನ ಉತ್ತರಾರ್ಧ

ಕಾದಂಬರಿಕಾರನನ್ನು ಅವನ ಕಾದಂಬರಿಗಳಿಂದ ನೆನೆಯುವುದು ಲೋಕರೂಢಿ. ಆದರೆ ಅವನು ಸಂಪಾದಕನೂ ಆಗಿದ್ದರೆ, ಅವನ ದುಡಿಮೆಯ ಬಹುಭಾಗವು ಇತರರ ಹೆಸರಿನಲ್ಲಿ ಅಚ್ಚಾಗಿರುತ್ತದೆ. ತಿದ್ದಿದ ವಾಕ್ಯದ ಕೆಳಗೆ ತಿದ್ದಿದವನ ರುಜು ಇರುವುದಿಲ್ಲ. ಈ ಕಾರಣದಿಂದಲೇ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಂಪಾದಕರಿಗೆ ದೊರೆಯುವ ಸ್ಥಳ ಬಲು ಕಿರಿದು. ನಿರಂಜನರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ‘ಚಿರಸ್ಮರಣೆ’ಯ ಕರ್ತೃವೆಂದು ಅವರನ್ನು ಬಲ್ಲವರು ಅನೇಕರು, ಅವರ ಬಾಳಿನ ಉತ್ತರಾರ್ಧವನ್ನು ಬಲ್ಲವರು ವಿರಳ. ಆರೋಗ್ಯ ಲೇಖನಗಳಿಗೆಡೆಯಿರುವ ಈ ಸಂಚಿಕೆಯಲ್ಲಿ ಸಾಹಿತಿಯೊಬ್ಬನ ಚರಿತ್ರೆಗೇನು ಕೆಲಸವೆಂದು ವಾಚಕರು ಕೇಳಬಹುದು. ಆ ಉತ್ತರಾರ್ಧದಲ್ಲಿಯೇ ಅದಕ್ಕೆ ಉತ್ತರವಿದೆ.

ನಿರಂಜನರ ನಿಜನಾಮ ಕುಳಕುಂದ ಶಿವರಾಯ. ಜನನ 1924ರ ಜೂನ್ 15ರಂದು, ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ. ಅಂದು ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯ ಕನ್ನಡಿಗರಿಗೆ ರಾಜಧಾನಿ ನಮ್ಮ ಈ ಪಟ್ಟಣವೇ. ನಿರಂಜನರು ಪ್ರೌಢಶಾಲೆಯನ್ನು ಓದಿದ್ದು ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ. ಅದಕ್ಕೆ ಸಮೀಪದ ಕಯ್ಯೂರಿನಲ್ಲಿ 1941ರಲ್ಲಿ ರೈತರು ಜಮೀನುದಾರರ ವಿರುದ್ಧವೂ ಪರಕೀಯ ಆಳ್ವಿಕೆಯ ವಿರುದ್ಧವೂ ಎದ್ದುನಿಂತರು. ಪೊಲೀಸನೊಬ್ಬನ ಸಾವಿನ ಮೊಕದ್ದಮೆಯಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣಾನೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ವಿದ್ಯಾರ್ಥಿದೆಸೆಯಲ್ಲಿ ಕಂಡ ಆ ನೆಲ, ಆ ಜನ ನಿರಂಜನರ ಮನಸ್ಸಿನಲ್ಲಿ ಮಾಗಿ, 1955ರಲ್ಲಿ ‘ಚಿರಸ್ಮರಣೆ’ಯಾಗಿ ಹೊರಬಂದಿತು. ಮಲಯಾಳ ನುಡಿಗೂ ಅನುವಾದವಾಗಿ, ಯಾವ ಜನರ ಕಥೆಯೋ ಆ ಜನರ ಮನೆಯನ್ನೇ ಅದು ಸೇರಿತು. ಕನ್ನಡ ಕಾದಂಬರಿಯೊಂದಕ್ಕೆ ಇದಕ್ಕಿಂತ ಮಿಗಿಲಾದ ಮನ್ನಣೆ ಯಾವುದಿದ್ದೀತು?

ಪತ್ರಿಕಾವೃತ್ತಿಯನ್ನು ಅವರು ಚಿಕ್ಕವಯಸ್ಸಿನಲ್ಲಿಯೇ ಹಿಡಿದರು. ಮಂಗಳೂರಿನ ‘ರಾಷ್ಟ್ರಬಂಧು’ವಿನಲ್ಲಿ ದುಡಿದರು, ಪ್ರಗತಿಶೀಲ ಸಾಹಿತ್ಯ ಚಳವಳಿಯಲ್ಲಿ ಅ.ನ.ಕೃ., ತ.ರಾ.ಸು., ಕಟ್ಟೀಮನಿ ಮೊದಲಾದವರ ಜತೆಗಾರರಾದರು. ‘ವಿಮೋಚನೆ’, ‘ರಂಗಮ್ಮನ ವಠಾರ’ ಮುಂತಾದ ಕಾದಂಬರಿಗಳನ್ನು ಬರೆದರು. ಅವರ ಬರಹದಲ್ಲಿ ತತ್ತ್ವದ ಒತ್ತು ಹೆಚ್ಚಾಯಿತೆಂದು ಆಕ್ಷೇಪಿಸುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಬಡವನ ಬದುಕನ್ನು ಬಡವನ ಮಟ್ಟದಲ್ಲಿ ನಿಂತು ನೋಡಿದ ಆ ಕಣ್ಣು ಸುಳ್ಳಿನದಲ್ಲ.

ಹೀಗೆ ನಡೆದ ಬಾಳು 1971ರಲ್ಲಿ ತಿರುವನ್ನು ಕಂಡಿತು. ನಲವತ್ತೇಳರ ಆಸುಪಾಸಿನಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಮೆದುಳನ್ನು ಹೊರಗಿನಿಂದಲೇ ಪದರಪದರವಾಗಿ ಚಿತ್ರಿಸಿ ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಲಂಡನ್ನಿನಲ್ಲಿ ಮೊಟ್ಟಮೊದಲ ರೋಗಿಯನ್ನು ಪರೀಕ್ಷಿಸಿದ್ದು ಅದೇ ವರ್ಷ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಿ ಮೆದುಳನ್ನು ಉಳಿಸುವ ಚಿಕಿತ್ಸೆ ಆಗ ಬಳಕೆಗೆ ಬಂದಿರಲಿಲ್ಲ. ಅಂದಿನ ರೋಗಿಗೆ ಇದ್ದುದು ಆರೈಕೆ, ವ್ಯಾಯಾಮ ಮತ್ತು ಮನೋಬಲ ಮಾತ್ರ.

ಇಂತಹ ಪೆಟ್ಟು ಬಿದ್ದ ಲೇಖಕನು ವಿಶ್ರಾಂತಿ ಪಡೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಬಳಿಕದ ಎರಡು ದಶಕಗಳಲ್ಲಿ ಅವರಿಂದಾದ ಕೆಲಸವನ್ನು ನೋಡಿರಿ. ಪ್ರಾಚೀನ ಈಜಿಪ್ತಿನ ಜನರ ಬಂಡಾಯವನ್ನು ವಸ್ತುವಾಗಿಸಿಕೊಂಡ ಬೃಹತ್ ಕಾದಂಬರಿ ‘ಮೃತ್ಯುಂಜಯ’ 1976ರಲ್ಲಿ ಪ್ರಕಟವಾಯಿತು. ಅವರ ಪ್ರಧಾನ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವು 7 ಸಂಪುಟಗಳಲ್ಲಿ ಕನ್ನಡ ಮಕ್ಕಳಿಗೆ ದೊರೆಯಿತು. 1980ರ ದಶಕದ ಆರಂಭದಲ್ಲಿ, ಜಗತ್ತಿನ ನಾನಾ ದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದ ‘ವಿಶ್ವಕಥಾಕೋಶ’ದ 25 ಸಂಪುಟಗಳು ಅವರದೇ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನದಿಂದ ಹೊರಬಂದವು. ಆರೋಗ್ಯವಂತರಾದ ಹತ್ತು ಮಂದಿ ಸೇರಿ ಮಾಡಿದರೂ ಸೈ ಎನ್ನಿಸಿಕೊಳ್ಳುವ ಕೆಲಸವಿದು.

ಈ ಸಾಧನೆಯನ್ನು ಮನೋಬಲದ ಪವಾಡವೆಂದು ಕೊಂಡಾಡಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಇದರ ಗುಟ್ಟು ಬೇರೆ. ಸಂಪಾದಕನ ಕೆಲಸವು ಮೂಲತಃ ಪರಾವಲಂಬಿಯಾದುದು. ಬರೆಯುವವರು, ಅನುವಾದಿಸುವವರು, ಪ್ರತಿ ತೆಗೆಯುವವರು, ಕರಡು ತಿದ್ದುವವರು, ಅಚ್ಚುಕೂಟದವರು ಇವರೆಲ್ಲರ ಕೈಗಳಿಲ್ಲದೆ ಸಂಪಾದಕನಿಲ್ಲ. ಕಾಯಿಲೆಯೂ ಮನುಷ್ಯನನ್ನು ಪರಾವಲಂಬಿಯನ್ನಾಗಿ ಮಾಡುತ್ತದೆ. ಎದ್ದು ನಿಲ್ಲಲು ಇನ್ನೊಬ್ಬರ ಭುಜ ಬೇಕಾದಾಗ ಅಭಿಮಾನಿಯಾದವನು ಕುಗ್ಗಿಹೋಗುತ್ತಾನೆ. ಆದರೆ ಹತ್ತು ಜನರನ್ನು ಕೂಡಿಸಿಕೊಂಡೇ ನಡೆಯಬೇಕಾದ ಕೆಲಸದಲ್ಲಿ ತೊಡಗಿದವನಿಗೆ ನೆರವು ಪಡೆಯುವುದು ನಾಚಿಕೆಯ ಮಾತಲ್ಲ, ಕೆಲಸದ ಕ್ರಮವೇ ಅದು. ಅವನು ಪಡೆಯುವವನಷ್ಟೇ ಅಲ್ಲ, ಕೊಡುವವನೂ ಹೌದು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಪಾರ್ಶ್ವವಾಯು ಬಡಿದ ಹಿರಿಯರನ್ನು ಪ್ರೀತಿಯಿಂದಲೇ ಮೂಲೆಗೆ ಸೇರಿಸುತ್ತೇವೆ. ‘ನೀವು ಸುಮ್ಮನೆ ಮಲಗಿಕೊಳ್ಳಿ, ನಾವಿಲ್ಲವೇ’ ಎನ್ನುತ್ತೇವೆ. ಹೊತ್ತಿಗೆ ಸರಿಯಾಗಿ ಗಂಜಿಯನ್ನೂ ಗುಳಿಗೆಯನ್ನೂ ಕೊಡುತ್ತೇವೆ. ಅವರ ಸಲಹೆಯನ್ನು ಮಾತ್ರ ಕೇಳುವುದಿಲ್ಲ. ಪಾರ್ಶ್ವವಾಯುವಿನ ಅನಂತರ ಖಿನ್ನತೆ ಕವಿಯುವುದು ಬಹು ಸಾಮಾನ್ಯವೆಂದೂ, ಖಿನ್ನನಾದ ರೋಗಿ ವ್ಯಾಯಾಮದಲ್ಲಿ ಹಿಂದೆ ಬೀಳುತ್ತಾನೆಂದೂ ವೈದ್ಯಶಾಸ್ತ್ರ ಹೇಳುತ್ತದೆ. ಮೆದುಳಿನ ಉಳಿದ ಭಾಗಗಳು ಅಭ್ಯಾಸದಿಂದ ಹೊಸ ಹೊಣೆಯನ್ನು ಹೊರಲು ಕಲಿಯುತ್ತವೆ. ಆದರೆ ಅಭ್ಯಾಸಕ್ಕೆ ಉದ್ದೇಶವೊಂದು ಬೇಕು. ಗೋಡೆಯನ್ನು ನೋಡುತ್ತ ಕೈ ಎತ್ತಿಳಿಸುವುದಕ್ಕೂ, ಪುಸ್ತಕದ ಹಾಳೆ ಮಗುಚಲು ಕೈ ಎತ್ತುವುದಕ್ಕೂ ಅಂತರವಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಸಲ್ಲತಕ್ಕವು. ಮೊದಲನೆಯದು, ಎಲ್ಲ ರೋಗಿಗಳನ್ನೂ ನಿರಂಜನರ ಅಳತೆಗೋಲಿನಿಂದ ಅಳೆಯಕೂಡದು. ಮೆದುಳಿನ ಎಡಭಾಗಕ್ಕೆ ಪೆಟ್ಟು ತಗುಲಿದಾಗ ಕೆಲವರ ಮಾತೇ ನಿಂತುಹೋಗುವುದುಂಟು. ಅಂತಹವರಿಗೆ ಬೇಕಾದುದು ವಾಕ್ ಚಿಕಿತ್ಸೆ ಮತ್ತು ತಾಳ್ಮೆ, ಉಪದೇಶವಲ್ಲ. ನಿರಂಜನರ ಪತ್ನಿ ಅನುಪಮಾ ಸ್ವತಃ ವೈದ್ಯೆ, ಕಾದಂಬರಿಗಾರ್ತಿ, ‘ತಾಯಿ-ಮಗು’ವಿನಂತಹ ಕೃತಿಗಳಿಂದ ಆರೋಗ್ಯಜ್ಞಾನವನ್ನು ಕನ್ನಡ ಮನೆಮನೆಗೂ ಮುಟ್ಟಿಸಿದವರು. ಅಂತಹ ಸಂಗಾತಿ ಎಲ್ಲರ ಪಾಲಿಗೂ ಇರುವುದಿಲ್ಲ. ಆಕೆ 1991ರಲ್ಲಿ ಕ್ಯಾನ್ಸರಿಗೆ ತುತ್ತಾದರು. ಮರುವರ್ಷ ನಿರಂಜನರೂ ತೀರಿಕೊಂಡರು. ರೋಗಿಯ ಸಾಧನೆಯನ್ನು ಹೊಗಳುವಾಗ ಆರೈಕೆ ಮಾಡುವವರ ದಣಿವನ್ನು ಮರೆಯುವುದು ಅನ್ಯಾಯ.

ಎರಡನೆಯದು, ನಿರಂಜನರಿಗೆ ದೊರೆಯದ ಚಿಕಿತ್ಸೆ ಇಂದು ನಮಗೆ ಎಟುಕುವಂತಿದೆ. ಮುಖ ಒಂದು ಬದಿಗೆ ಸೊಟ್ಟಗಾದರೆ, ತೋಳು ಮೇಲೆತ್ತಲಾಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದು ಎಲ್ಲರಿಗೂ ಸಲ್ಲುವುದಿಲ್ಲ, ರಕ್ತಸ್ರಾವವಿಲ್ಲವೆಂದು ಸ್ಕ್ಯಾನಿನಲ್ಲಿ ಕಂಡ ಮೇಲೆ ವೈದ್ಯರೇ ನಿರ್ಧರಿಸಬೇಕು. ಎಣ್ಣೆ ತಿಕ್ಕುವವರನ್ನು ಹುಡುಕುತ್ತ ಆ ಗಂಟೆಗಳನ್ನು ಕಳೆಯಬಾರದು. ಎಲ್ಲಕ್ಕಿಂತ ಮೊದಲು ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟುಕೊಳ್ಳುವುದು ಲೇಸು. ಆಮೇಲಿನ ವ್ಯಾಯಾಮಕ್ಕೆ ನಮ್ಮ ಕೆ.ಕೆ. ನಗರದಲ್ಲಿಯೇ ಸರ್ಕಾರದ ಪುನರ್ವಸತಿ ವೈದ್ಯಕೀಯ ಸಂಸ್ಥೆಯಿದೆ.

ಇನ್ನು ಚೆನ್ನೈ ಕನ್ನಡಿಗರಾದ ನಮ್ಮ ಕರ್ತವ್ಯದ ಮಾತು. ಈ ಊರಿನಲ್ಲಿ ಎರಡು ಬಗೆಯ ಕನ್ನಡಿಗರಿದ್ದಾರೆ. ತುಂಬುಗನ್ನಡ ಬಲ್ಲ, ಆದರೆ ಕೈ ನಡುಗಿ ಲೇಖನಿ ಹಿಡಿಯಲಾರದ ಹಿರಿಯರು ಒಂದು ಕಡೆ. ಮನೆಯಲ್ಲಿ ಕನ್ನಡ ಮಾತನಾಡಬಲ್ಲ, ಆದರೆ ಶಾಲೆಯಲ್ಲಿ ಕಲಿಯದೆ ಅಕ್ಷರ ಬಾರದ ಕಿರಿಯರು ಇನ್ನೊಂದು ಕಡೆ. ಇವರಿಬ್ಬರ ಕೊರತೆಗಳು ಒಂದಕ್ಕೊಂದು ಹೊಂದಿಕೊಳ್ಳುವಂತಹವು. ಹಿರಿಯರು ಹೇಳಲಿ, ಕಿರಿಯರು ಬರೆದುಕೊಳ್ಳಲಿ. ಬರೆದುದನ್ನು ಹಿರಿಯರು ತಿದ್ದಲಿ. ಈ ಪಟ್ಟಣದಲ್ಲಿ ಕನ್ನಡ ಕುಟುಂಬಗಳು ನೆಲೆಯೂರಿದ ಬಗೆ, ಅಜ್ಜಿಯ ಹಾಡು, ಅಡಿಗೆ, ತಮಿಳು ನೆರೆಹೊರೆಯ ಸ್ನೇಹ ಇವೆಲ್ಲ ಹಾಗೆ ಅಕ್ಷರರೂಪ ತಾಳಲಿ. ಬರೆದುಕೊಳ್ಳುತ್ತ ಕಿರಿಯರಿಗೆ ಅಕ್ಷರ ಬರುತ್ತದೆ. ತಿದ್ದುತ್ತ ಹಿರಿಯರಿಗೆ ತಾವಿನ್ನೂ ಬೇಕಾದವರೆಂಬ ನಂಬಿಕೆ ಮರಳುತ್ತದೆ.

ಇದಕ್ಕೆ ಭವನವಾಗಲಿ ದೇಣಿಗೆಯಾಗಲಿ ಬೇಕಿಲ್ಲ. ತಿಂಗಳಿಗೆ ಎರಡು ಭಾನುವಾರ, ಒಂದು ನೋಟುಪುಸ್ತಕ, ತಾಳ್ಮೆಯುಳ್ಳ ಒಬ್ಬ ಹುಡುಗ ಇಲ್ಲವೆ ಹುಡುಗಿ ಇದ್ದರೆ ಸಾಕು. ಪ್ರತಿ ವರ್ಷದ ಸಂಚಿಕೆಯಲ್ಲಿಯೂ ಹಾಗೆ ಬರೆಸಿದ ನಾಲ್ಕು ಪುಟಗಳನ್ನು ಸಂಘವು ಅಚ್ಚುಮಾಡಲಿ. ಹೇಳಿದವರ ಹೆಸರಿನೊಡನೆ ಬರೆದುಕೊಂಡವರ ಹೆಸರೂ ಇರಲಿ. ಮುಂದಿನ ಸಂಚಿಕೆಗೆ ಇನ್ನೂ ಒಂದು ವರ್ಷ ಕಾಲಾವಕಾಶವಿದೆ. ಆದರೆ ನಮ್ಮ ಹಿರಿಯರಲ್ಲಿ ಎಲ್ಲರಿಗೂ ಅಷ್ಟು ಕಾಲಾವಕಾಶವಿರಲಾರದು.