ಬರ ತಾಳುವ ಬೀಜ: ವೆಚ್ಚ ಯಾರದು, ಲಾಭ ಯಾರದು?

ಮಂಡ್ಯ ಜಿಲ್ಲೆಯ ವರ್ತಕರ ಲೆಕ್ಕದ ಪುಸ್ತಕದಲ್ಲಿ ಮಳೆಯ ಹೆಸರಿನಲ್ಲೊಂದು ಖಾತೆಯಿರುವುದಿಲ್ಲ. ಆದರೂ ವರ್ಷಾಂತ್ಯದ ಅಢಾವೆ ಪತ್ರಿಕೆಯಲ್ಲಿ ಮಳೆಯ ಪ್ರಭಾವಕ್ಕೆ ಒಳಗಾಗದ ಅಂಕಿಗಳು ಬಹಳ ಕಡಿಮೆ. 2023ರ ಮುಂಗಾರಿನಲ್ಲಿ ಕೃಷ್ಣರಾಜಸಾಗರವು 124.80 ಅಡಿಗಳ ಗರಿಷ್ಠ ಮಟ್ಟವನ್ನು ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಕಾವೇರಿ ನೀರಿಗಾಗಿ ಆ ವರ್ಷದ ಸೆಪ್ಟೆಂಬರ್ 23ರಂದು ಮಂಡ್ಯದಲ್ಲಿ ಬಂದ್ ನಡೆಯಿತು. ಬಂದ್ ಒಂದು ದಿನದ್ದು. ನೀರಿಲ್ಲದ ಗದ್ದೆಯ ಪರಿಣಾಮವಾದರೋ ಅಕ್ಕಿ ಗಿರಣಿ, ಆಲೆಮನೆ, ಗೊಬ್ಬರದ ಮಳಿಗೆ ಹಾಗೂ ಬಟ್ಟೆಯಂಗಡಿಗಳ ಉದ್ರಿ ಪುಸ್ತಕದಲ್ಲಿ ಹಲವು ತಿಂಗಳು ಉಳಿಯುವಂಥದ್ದು.

ಆದ್ದರಿಂದ ಬೆಳೆಗಳು ನೀರಿನ ಕೊರತೆಯನ್ನು ಹೇಗೆ ಎದುರಿಸುತ್ತವೆಂಬ ತಳಿವಿಜ್ಞಾನದ ಸಂಶೋಧನೆಯು ವಿಜ್ಞಾನಿ ಮತ್ತು ರೈತರಿಗೆ ಮಾತ್ರ ಸಂಬಂಧಿಸಿದ್ದೆಂದು ವ್ಯಾಪಾರಸ್ಥರು ಭಾವಿಸುವುದು ಸರಿಯಲ್ಲ.

ಮಣ್ಣಿನ ತೇವ ಕಡಿಮೆಯಾದಾಗ ಸಸ್ಯವು ಸುಮ್ಮನೆ ಬಾಡುವುದಿಲ್ಲ. ಅದರಲ್ಲಿ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ; ಎಲೆಯ ಪತ್ರರಂಧ್ರಗಳು ಮುಚ್ಚಿಕೊಂಡು ಇದ್ದ ನೀರನ್ನು ಉಳಿಸುತ್ತವೆ; ಕೆಲವು ತಳಿಗಳಲ್ಲಿ ಬೇರು ಮತ್ತಷ್ಟು ಆಳಕ್ಕಿಳಿಯುತ್ತದೆ. ಇದಕ್ಕೆಲ್ಲ ಒಂದೇ ವಂಶವಾಹಿಯಲ್ಲ, ಹತ್ತಾರು ವಂಶವಾಹಿಗಳು ಕಾರಣ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಎಚ್.ಇ. ಶಶಿಧರ್, ಡಾ. ಶೈಲಜಾ ಹಿತ್ತಲಮನಿ ಮೊದಲಾದವರು ಫಿಲಿಪೀನ್ಸಿನ ಆಳಬೇರಿನ ಅಜುಸೇನಾ ಮತ್ತು ಅಧಿಕ ಇಳುವರಿಯ ಐ.ಆರ್. 64 ಭತ್ತದ ಸಂಕರ ಸಂತತಿಯಲ್ಲಿ, ಬೇರಿನ ಗುಣಗಳನ್ನು ನಿರ್ಧರಿಸುವ ವಂಶವಾಹಿ ಭಾಗಗಳನ್ನು ವರ್ಷಗಟ್ಟಲೆ ಹುಡುಕಿದರು. ಅಂತಹ ಗುರುತುಗಳ ನೆರವಿನಿಂದ ಆಯ್ದ ಎಂ.ಎ.ಎಸ್. 946-1, ಅಂದರೆ ‘ಶಾರದಾ’ ತಳಿಯು 2007ರಲ್ಲಿ ಬಿಡುಗಡೆಯಾಯಿತು. ಕೆಸರುಗದ್ದೆಯಾಗಲಿ, ನಿಂತ ನೀರಾಗಲಿ ಇಲ್ಲದೆ ರಾಗಿಯಂತೆ ನೇರವಾಗಿ ಬಿತ್ತಿ ಬೆಳೆಯುವ ಭತ್ತವಿದು. ನಾಟಿ ಪದ್ಧತಿಗೆ ಬೇಕಾದ ನೀರಿನಲ್ಲಿ ದೊಡ್ಡ ಪಾಲು ಇದರಿಂದ ಉಳಿಯುತ್ತದೆ.

ರಾಗಿಯ ಸಂಶೋಧನೆಯ ಬೇರಂತೂ ಈ ಜಿಲ್ಲೆಯಲ್ಲಿಯೇ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಾಫ್-5ರ ವಂಶದಲ್ಲಿ ಬಂದ ಎಂ.ಎಲ್. 365 ತಳಿಯ ಜೀನೋಮನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನೇತೃತ್ವದ ತಂಡವು 2017ರಲ್ಲಿ ಓದಿ ಪ್ರಕಟಿಸಿತು. ಸುಮಾರು 85,000 ವಂಶವಾಹಿಗಳಲ್ಲಿ 2,800ಕ್ಕೂ ಹೆಚ್ಚು ಬರಕ್ಕೆ ಸ್ಪಂದಿಸುವುವೆಂದು ಅದರಲ್ಲಿ ಗುರುತಿಸಲಾಗಿದೆ. 2025ರ ಮೇ 4ರಂದು ಕೇಂದ್ರ ಸರ್ಕಾರವು ಜೀನೋಮ್ ತಿದ್ದುಪಡಿಯಿಂದ ರೂಪುಗೊಂಡ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲೊಂದಾದ ಪೂಸಾ ಡಿ.ಎಸ್.ಟಿ. ರೈಸ್ 1, ಎಂ.ಟಿ.ಯು. 1010 ತಳಿಯಿಂದ ಬಂದಿದ್ದು ಬರ ಹಾಗೂ ಕ್ಷಾರವನ್ನು ತಾಳಲೆಂದೇ ರೂಪಿತವಾದುದು.

ವಿಜ್ಞಾನವು ತನ್ನ ಪಾಲಿನ ಕೆಲಸ ಮಾಡುತ್ತಿದೆ. ಉಳಿದಿರುವುದು ಲೆಕ್ಕದ ಪ್ರಶ್ನೆ.

ಶ್ರೀರಂಗಪಟ್ಟಣ ಹಾಗೂ ಪಾಂಡವಪುರದ ನಾಲೆ ಬಯಲಿನಲ್ಲಿ ರೈತನು ನೀರಿನ ತೆರಿಗೆಯನ್ನು ತೆರುವುದು ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿ, ಬಳಸಿದ ನೀರಿನ ಅಳತೆಯ ಮೇಲಲ್ಲ. ಅವನು ಅರ್ಧ ನೀರನ್ನು ಉಳಿಸಿದರೂ ಅವನ ಜಮೆಯ ಬದಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಬದಲಾಗಿ, ನಿಂತ ನೀರಿಲ್ಲದ ಗದ್ದೆಯಲ್ಲಿ ಕಳೆ ಹೆಚ್ಚುವುದರಿಂದ ಕಳೆ ಕೀಳಿಸುವ ಕೂಲಿ ಅವನ ಖರ್ಚಿಗೆ ಬೀಳುತ್ತದೆ. ಉಳಿದ ನೀರಿನ ಲಾಭವಾದರೋ ನಾಲೆಯ ಕೊನೆಯ ಭಾಗದ ರೈತನಿಗೆ, ಕುಡಿಯುವ ನೀರಿಗೆ ಕಾಯುವ ಪಟ್ಟಣಕ್ಕೆ, ಬರದ ವರ್ಷದಲ್ಲೂ ಭತ್ತ ಬರಬೇಕಾದ ಗಿರಣಿಗೆ ಸಲ್ಲುತ್ತದೆ. ವೆಚ್ಚ ಒಬ್ಬನದು, ಲಾಭ ಇತರರದು. ಇಂತಹ ಲೆಕ್ಕವು ಯಾವ ವ್ಯಾಪಾರದಲ್ಲಿಯೂ ಬಹುಕಾಲ ನಿಲ್ಲದು.

ನಾಗಮಂಗಲದ ಮತ್ತು ಕೆ.ಆರ್. ಪೇಟೆಯ ಮಳೆಯಾಶ್ರಿತ ಹೊಲಗಳ ಲೆಕ್ಕ ಬೇರೆ. ಅಲ್ಲಿ ಬರ ತಾಳುವ ರಾಗಿಯ ಬೆಲೆ ತಿಳಿಯುವುದು ಒಳ್ಳೆಯ ವರ್ಷದಲ್ಲಲ್ಲ, ಕೆಟ್ಟ ವರ್ಷದಲ್ಲಿ. ವಸೂಲಾಗದ ಸಾಲಗಳಿಗೆಂದು ವರ್ತಕನು ಪ್ರತಿವರ್ಷ ಲಾಭದಲ್ಲಿ ಒಂದಂಶವನ್ನು ತೆಗೆದಿರಿಸುವುದು ಸಾಲಗಾರರೆಲ್ಲ ಕೈಯೆತ್ತುವರೆಂದಲ್ಲ, ಕೆಲವರಾದರೂ ಕೈಯೆತ್ತುವರೆಂದು. ಬರ ತಾಳುವ ತಳಿಯೂ ಅಂಥದೇ ಮೀಸಲು. ಒಂದು ವರ್ಷದ ಇಳುವರಿಯನ್ನಷ್ಟೇ ನೋಡದೆ ಹತ್ತು ವರ್ಷಗಳ ಸರಾಸರಿಯನ್ನು ನೋಡಿದರೆ ಮಾತ್ರ ಅದರ ನಿಜವಾದ ಬೆಲೆ ಕಾಣುತ್ತದೆ.

ಗಿರಣಿ ಮಾಲೀಕರ ಆಕ್ಷೇಪವನ್ನೂ ಕಡೆಗಣಿಸಲಾಗದು. ಗ್ರಾಹಕರಿಗೆ ರೂಢಿಯಾದ ಅಕ್ಕಿ ಬೇಕು; ಹೊಸ ತಳಿ ಹತ್ತಿಪ್ಪತ್ತು ಚೀಲಗಳಲ್ಲಿ ಬಂದರೆ ಪ್ರತ್ಯೇಕವಾಗಿ ದಾಸ್ತಾನಿಟ್ಟು ಅರೆಯುವುದು ನಷ್ಟದ ಬಾಬತ್ತು; ಬೆರೆಸಿದರೆ ಹೆಸರು ಕೆಡುತ್ತದೆ. ಇದು ನಿಜ. ಆದರೆ ಕೊಳ್ಳುವವರಿಲ್ಲದ ಕಾರಣ ರೈತ ಬೆಳೆಯುವುದಿಲ್ಲ, ಬೆಳೆಯುವವರಿಲ್ಲದ ಕಾರಣ ಗಿರಣಿ ಕೊಳ್ಳುವುದಿಲ್ಲವೆಂಬ ಈ ಸುತ್ತನ್ನು ಮೊದಲು ಮುರಿಯಬಲ್ಲವರು ಬಂಡವಾಳವುಳ್ಳವರೇ ಹೊರತು ಸಾಲ ಮಾಡಿ ಬಿತ್ತುವವರಲ್ಲ.

ಇದಕ್ಕಾಗಿ ವರ್ತಕರು ಮಾಡಬಹುದಾದ ಕಾರ್ಯಗಳು ಮೂರು. ಮೊದಲನೆಯದಾಗಿ, ಕೆಲವು ಗಿರಣಿಗಳು ಒಟ್ಟುಗೂಡಿ, ಒಂದೇ ನಾಲಾ ಪ್ರದೇಶದ ರೈತರಿಗೆ ಒಂದೇ ತಳಿಯ ಖರೀದಿ ದರವನ್ನು ಬಿತ್ತನೆಗೆ ಮುನ್ನವೇ ಪ್ರಕಟಿಸಬಹುದು. ಆಗ ಸರಕು ಲಾರಿಗಟ್ಟಲೆ ಬರುತ್ತದೆ, ಬಿಡಿ ಚೀಲಗಳಲ್ಲಲ್ಲ. ಎರಡನೆಯದಾಗಿ, ಬೀಜ ಮಾರುವವರು ತಳಿಯ ಹೆಸರು ಹಾಗೂ ಲಾಟ್ ಸಂಖ್ಯೆಯನ್ನು ರಸೀದಿಯಲ್ಲಿ ತಪ್ಪದೆ ನಮೂದಿಸಬೇಕು. ಬರದಲ್ಲಿ ಬೀಜ ಸೋತರೆ ತಪ್ಪು ಎಲ್ಲಿಯದೆಂದು ತಿಳಿಯುವ ಮಾರ್ಗ ಅದೊಂದೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೆಳೆದ ಬೀಜವನ್ನು ಉಳಿಸಿ ಬಿತ್ತುವ ಹಕ್ಕನ್ನು ರೈತನಿಗೆ ನೀಡಿದೆ. ಆದುದರಿಂದ ಮೊದಲ ಮಾರಾಟದ ಪ್ರಾಮಾಣಿಕತೆ ಮುಂದಿನ ಬಿತ್ತನೆಗಳಿಗೂ ಆಧಾರ. ಮೂರನೆಯದಾಗಿ, ವಾಣಿಜ್ಯ ಸಂಸ್ಥೆಗಳು ವಿ.ಸಿ. ಫಾರಂನ ವಿಜ್ಞಾನಿಗಳನ್ನೂ ಗಿರಣಿ ಮಾಲೀಕರನ್ನೂ ವರ್ಷಕ್ಕೊಮ್ಮೆ ಒಂದೆಡೆ ಕೂರಿಸಿ, ಮಾರುಕಟ್ಟೆ ಬಯಸುವ ಕಾಳಿನ ಗುಣವೇನೆಂಬುದನ್ನು ತಳಿ ರೂಪಿಸುವವರಿಗೆ ಮೊದಲೇ ತಿಳಿಸಬೇಕು.

2024ರ ಜುಲೈನಲ್ಲಿ ಕನ್ನಂಬಾಡಿ ಮತ್ತೆ ತುಂಬಿತು; ಹಿಂದಿನ ವರ್ಷದ ಮಾತು ಮರೆಯಿತು. ಜಲಾಶಯ ತುಂಬಿದ ವರ್ಷದಲ್ಲಿ ಮೀಸಲು ತೆಗೆದಿಡದ ವ್ಯಾಪಾರಿಯನ್ನು ಬರದ ವರ್ಷ ಕಾಯುವುದಿಲ್ಲ. ಬೀಜದ ವಿಷಯದಲ್ಲಿಯೂ ಲೆಕ್ಕ ಇದೇ.