ಟವೆಲ್ ಹಸಿರು, ಬೆಳೆ ಲೇಔಟು

ಬಿ.ಎಚ್. ರಸ್ತೆಯಲ್ಲಿ ಈ ವಾರ ಮತ್ತೊಂದು ಫ್ಲೆಕ್ಸ್. ಹುಟ್ಟುಹಬ್ಬವಂತೆ. ಹೆಗಲಿಗೆ ಇಸ್ತ್ರಿ ಕೆಡದ ಹಸಿರು ಟವೆಲ್, ಪಕ್ಕದಲ್ಲಿ ಜೋಡೆತ್ತು, ಕೆಳಗೆ ‘ರೈತರ ಆಶಾಕಿರಣ’. ಹಗ್ಗ ಬಿಗಿಯುತ್ತಿದ್ದ ಹುಡುಗನನ್ನು ಕೇಳಿದೆ: ‘ನಿಮ್ಮಣ್ಣ ಏನ್ ಬೆಳೀತಾರಪ್ಪ?’ ‘ಲೇಔಟ್ ಮಾಡ್ತಾರೆ ಸಾರ್’ ಅಂದ. ಹೆಮ್ಮೆಯಿಂದಲೇ ಅಂದ.

ಈ ಟವೆಲ್ ವಿಷಯ ಬಂದರೆ ನನಗೆ ತಲೆ ಕೆಡುತ್ತದೆ, ಓದುಗರಿಗೆ ಗೊತ್ತಿದ್ದದ್ದೇ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಗುಂಡು ತಿಂದರು. ಆಮೇಲೆ ರೈತಸಂಘ ಕಟ್ಟಿದವರು ಹೆಗಲಿಗೇರಿಸಿದ ಬಣ್ಣ ಅದು. ಸಾಲ ವಸೂಲಿಗೆ ಬರುವ ಅಧಿಕಾರಿ ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡಕೂಡದೆಂದು ಬೋರ್ಡ್ ನೆಟ್ಟ ಜನ. ಈಗ ಅದು ಹಾರದಂಗಡಿಯಲ್ಲಿ ಮೈಸೂರು ಪೇಟದ ಪಕ್ಕ ತೂಗುತ್ತದೆ. 2008ರ ಮೇ 30ರಂದು ಯಡಿಯೂರಪ್ಪ ರೈತರ ಹೆಸರಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು.

ಟವೆಲ್ ಒಪ್ಪುತ್ತಿದ್ದದ್ದು ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರಿಗೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ. ಕಬ್ಬಿನ ದರಕ್ಕೆ, ಕಾವೇರಿ ನೀರಿಗೆ ಬೀದಿಗಿಳಿದವರು 1994ರಲ್ಲಿ ಶಾಸಕರಾದರು. ಸದನದಲ್ಲೂ ಹೊಲದ ಬದುವಿನ ಮೇಲೆ ನಿಂತವರಂತೆಯೇ ಮಾತು. ಮತ್ತೆ ಗೆದ್ದದ್ದು ಯಾವಾಗ? 2013ರಲ್ಲಿ, ಮೇಲುಕೋಟೆಯಿಂದ. ನಡುವಿನ ಹತ್ತೊಂಬತ್ತು ವರ್ಷ ಧರಣಿಗೆ ಪುಟ್ಟಣ್ಣಯ್ಯ ಬೇಕು, ವೋಟಿಗೆ ಬೇರೆಯವರು. 2018ರ ಫೆಬ್ರುವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಜನ ಅತ್ತರು. ಮೇನಲ್ಲಿ ಮಗ ದರ್ಶನ್ ನಿಂತಾಗ ಸೋಲಿಸಿದರು. ಗೆಲ್ಲಿಸಲು ಇನ್ನೂ ಐದು ವರ್ಷ ಬೇಕಾಯಿತು.

ರೈತಸಂಘದವರೆಲ್ಲ ಸಂತರೆಂದು ನಾನು ಹೇಳುತ್ತಿಲ್ಲ. 1989ರಲ್ಲಿ ಎರಡು ಕ್ಷೇತ್ರ ಗೆದ್ದಿದ್ದ ಬಾಬಾಗೌಡ ಪಾಟೀಲರು 1998ರ ಹೊತ್ತಿಗೆ ಬಿಜೆಪಿ ಸಂಸದರಾಗಿ ಕೇಂದ್ರದಲ್ಲಿ ಮಂತ್ರಿಯಾದರು. ಸಂಘ ಒಡೆದದ್ದಕ್ಕಂತೂ ಲೆಕ್ಕವೇ ಇಲ್ಲ. ಆದರೂ ಅವರಿಗೆ ಕಬ್ಬಿನ ಸುಳಿ ಯಾವುದು, ಜೋಳದ ಸುಳಿ ಯಾವುದು ಗೊತ್ತಿತ್ತು.

ಮೊನ್ನೆ ಅಜ್ಜಂಪುರದಲ್ಲಿ ಈರುಳ್ಳಿ ಮೂಟೆ ಮೇಲೆ ಕೂತು ರೇಟಿಗೆ ಶಾಪ ಹಾಕುತ್ತಿದ್ದ ಹಿರಿಯರನ್ನು ಕೇಳಿದೆ: ‘ನಿಮ್ ಸಂಘದೋರನ್ನೇ ಯಾಕೆ ಗೆಲ್ಲಿಸಲ್ಲ, ಗೌಡ್ರೇ?’ ‘ಒಳ್ಳೇ ಜನವೇ ಸ್ವಾಮಿ. ದುಡ್ಡಿಲ್ಲ, ಜಾತಿ ಬಲ ಇಲ್ಲ, ಗೆಲ್ಲಲ್ಲ ಬಿಡಿ.’ ಎರಡೂ ಇದ್ದವರಿಗೇ ಒತ್ತಿ ಬಂದು ಇಲ್ಲಿ ಬೈಯುತ್ತಿದ್ದಾರೆ. ಬೈಯಲಿ. ಗೆದ್ದವರಿಗೆ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಳ್ಳುವುದೂ ಗೊತ್ತು.