ನವರಂಗವು ಬರಿದಾಗಬಾರದು

ಸಂಶೋಧನೆಗೆಂದು 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಬಯಲಾಟ, ಚಲನಚಿತ್ರಗಳ ಗೊಡವೆ ಏಕೆಂಬ ವಾದವುಂಟು. ಪ್ರಥಮ ಕುಲಪತಿ ಚಂದ್ರಶೇಖರ ಕಂಬಾರರು ಬಯಲಾಟದ ಕಸುವನ್ನು ಆಧುನಿಕ ನಾಟಕಕ್ಕೆ ತಂದವರು, 'ಕಾಡುಕುದುರೆ' ಚಿತ್ರವನ್ನು ನಿರ್ದೇಶಿಸಿದವರು ಎಂಬುದನ್ನು ಈ ವಾದ ಮರೆತಿದೆ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ಹಾದಿಯ ಜಿನಾಲಯವನ್ನೇ ನೋಡಬಹುದು. ಅದನ್ನು 1385ರಲ್ಲಿ ಕಟ್ಟಿಸಿದವನು ಇರುಗಪ್ಪ ದಂಡನಾಯಕನೆಂದು ಶಾಸನ ಹೇಳುತ್ತದೆ. ಜನರ ಬಾಯಲ್ಲಿ ಅದು ಗಾಣಗಿತ್ತಿಯ ಗುಡಿ. ಶಾಸನವನ್ನಷ್ಟೇ ಓದುವವನಿಗೆ ಗಾಣಗಿತ್ತಿ ದೊರೆಯಳು. ತೊಗಲುಗೊಂಬೆಯಾಟದ ಗತಿಯೂ ಅಷ್ಟೇ: ಮೇಳ ನಿಂತುಹೋದ ಮೇಲೆ ಮಹಾಪ್ರಬಂಧದಲ್ಲಿ ಉಳಿಯುವುದು ಹೆಸರಷ್ಟೇ, ದನಿಯಲ್ಲ.

ಆವರಣದ ಬಯಲು ರಂಗಮಂದಿರಕ್ಕೆ 'ನವರಂಗ'ವೆಂದು ಹೆಸರಿಟ್ಟವರು ನುಡಿಹಬ್ಬದ ಒಂದು ಸಂಜೆಗಾಗಿ ಇಟ್ಟಿರಲಾರರು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಜನ ವರ್ಷವಿಡೀ ಅಲ್ಲಿ ಕುಳಿತು ನೋಡಲಿ, ಪ್ರಶ್ನಿಸಲಿ, ಅದೂ ಸಂಶೋಧನೆಯೇ.